ಕೋರೆಲ್ ಬೆಳ್ಳಗಾಗಿ ನಿಂತಿದೆ, ಫೈಲ್ ಉಳಿಸೋದು ಹೇಗ್ರೀ?

ಗದಗ ಡಿಟಿಪಿ:
ನಮಸ್ಕಾರ್ರೀ. ಗದಗದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್ ಮಾಡುತ್ತೇನೆ. ವಿಂಡೋಸ್ 10, ಡಿಸೈನ್ ಮಾಡೋಕೆ ಕೋರೆಲ್‌ಡ್ರಾ, ಕನ್ನಡ ಹೊಡೆಯೋಕೆ ನುಡಿ. ಈಗ ಮೊಬೈಲಿನಿಂದ ಬರೆಯುತ್ತಿದ್ದೇನೆ, ಯಾಕಂದ್ರೆ ಕಂಪ್ಯೂಟರ್ ಮುಂದೆ ಕೂತು ಉಪಯೋಗ ಇಲ್ಲ. ಒಂದು ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಅಂತ 46 ಹೆಸರು ಹೊಡೆದಿದ್ದೆ. ಕೊನೆಗೆ ಗಿರಾಕಿ ಫೋನ್ ಮಾಡಿ "ನರಗುಂದದ ಕಾಕಾನ ಹೆಸರು ಮ್ಯಾಲೆ ಬರಬೇಕ್ರೀ" ಅಂದರು. ಮೇಲೆ ತಂದೆ. ಪ್ರೂಫ್ ತೆಗೆಯೋಣ ಅಂತ ಪ್ರಿಂಟ್ ಒತ್ತಿದೆ, ಅಷ್ಟೇ. ಕಿಟಕಿ ಬೆಳ್ಳಗಾಯಿತು, ಮೇಲೆ ನಾಟ್ ರೆಸ್ಪಾಂಡಿಂಗ್. 20 ನಿಮಿಷ ಆಯಿತು. ಸೇವ್ ಮಾಡಿ ಎಷ್ಟು ಹೊತ್ತಾಗಿತ್ತೋ ನೆನಪಿಲ್ಲ. ಹೋದ ವಾರ ಹೀಗೇ ಆದಾಗ ಪವರ್ ಬಟನ್ ಹಿಡಿದು ಬಂದ್ ಮಾಡಿದೆ, ಫೈಲೇ ಕೆಟ್ಟುಹೋಯಿತು. ಈ ಸಲ ಕೈ ಹಚ್ಚಿಲ್ಲ. ಏನು ಮಾಡಲಿ?

ಮಗಳು ಧಾರವಾಡದಲ್ಲಿ ಓದುತ್ತಾಳೆ, ಅವಳ ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಅಲ್ಲಿ ಹೀಗಾದರೆ ಏನು ಅಂತ ಅವಳೂ ಕೇಳುತ್ತಿದ್ದಾಳೆ.

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ:
ಅಣ್ಣಾರ, ಕೈ ಹಚ್ಚದೇ ಇದ್ದದ್ದು ಚಲೋ ಆಯಿತು. ನನ್ನ ಅಂಗಡಿಗೆ ಬರೋ ಡಿಟಿಪಿಯವರಲ್ಲಿ ಅರ್ಧ ಜನ ಆ ಪವರ್ ಬಟನ್ ಒತ್ತಿಯೇ ಬಂದಿರುತ್ತಾರೆ.

ಬೆಳ್ಳಗಾಯಿತು ಅಂದರೆ ಸತ್ತಿತು ಅಂತಲ್ಲ. ಪ್ರೋಗ್ರಾಂ 5 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಮೇಲೆ ತಾನೇ ಒಂದು ಬಿಳಿ ಕಿಟಕಿ ಹೊದಿಸುತ್ತದೆ. ಒಳಗೆ ಕೆಲಸ ನಡೆದಿರಲೂಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಣ್ಣದಾಗಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ. ಕೋರೆಲ್ ಸಾಲಿನಲ್ಲಿ ಸಿಪಿಯು, ಡಿಸ್ಕ್ ಅಂಕಿ ನೋಡಿ. ಅಂಕಿ ಏರಿಳಿಯುತ್ತಿದ್ದರೆ ಚಹಾ ಕುಡಿದು ಬನ್ನಿ. 20 ನಿಮಿಷ ಆದಮೇಲೂ 0 ಅಂತಲೇ ನಿಂತಿದ್ದರೆ ಅದು ಬೇರೆ ಯಾರದೋ ದಾರಿ ಕಾಯುತ್ತಿದೆ. ಆಗ ಆ ಸಾಲು ಹಿಡಿದು ಎಂಡ್ ಟಾಸ್ಕ್ ಒತ್ತಿ.

ಸುಳ್ಳು ಹೇಳಲ್ಲ, ಎಂಡ್ ಟಾಸ್ಕ್ ಒತ್ತಿದರೆ ಸೇವ್ ಆಗದೇ ಇದ್ದದ್ದು ಹೋಗುತ್ತದೆ. ಆದರೆ ಕೋರೆಲ್ ಒಂದೇ ಸಾಯುತ್ತದೆ, ಮಿಕ್ಕಿದ್ದೆಲ್ಲ ಸುರಕ್ಷಿತ. ಮತ್ತೆ ಕೋರೆಲ್ ತೆರೆದಾಗ ಆಟೋ ಬ್ಯಾಕಪ್ ಫೈಲ್ ಬೇಕಾ ಅಂತ ಕೇಳಿದರೆ ಓಕೆ ಅನ್ನಿ. ಅವಸರದಲ್ಲಿ ಕ್ಯಾನ್ಸಲ್ ಒತ್ತಬೇಡಿ. ಒತ್ತಿದರೆ ಕೋರೆಲ್ ಮುಚ್ಚುವಾಗ ಆ ಬ್ಯಾಕಪ್ಪನ್ನೂ ಅಳಿಸಿಬಿಡುತ್ತದೆ. ಇದಕ್ಕೇ ನನ್ನ ಹತ್ತಿರ ಒಬ್ಬರು ಅತ್ತಿದ್ದಾರೆ.

ಒಂದು ಪ್ರಶ್ನೆ: ನಿಮ್ಮ ಪ್ರಿಂಟರ್ ಇದೇ ಕಂಪ್ಯೂಟರಿಗೆ ಹಚ್ಚಿದೆಯಾ, ಬೇರೆಯದಕ್ಕಾ?

ಪೆಂಗ್ವಿನ್ ಹುಡುಗ, ಧಾರವಾಡ:
ಕಾಕಾ, ಅಕ್ಕನಿಗೆ ಹೇಳಿ: ಉಬುಂಟುವಿನಲ್ಲಿ ಫೋರ್ಸ್ ಕ್ವಿಟ್ ಇಲ್ಲಾ ವೇಟ್ ಅಂತ ಕೇಳುತ್ತದೆ. ಮೊದಲು ವೇಟ್. ಆಗದಿದ್ದರೆ ಸಿಸ್ಟಮ್ ಮಾನಿಟರ್ ತೆರೆದು ಆ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ಎಂಡ್ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಕಿಲ್. ಎರಡೂ ಒಂದೇ ಅಲ್ಲ. ಎಂಡ್ ಅಂದರೆ ಪ್ರೋಗ್ರಾಂಗೆ ಸಿಗ್ನಲ್ 15, ಮುಗಿಸು ಅನ್ನೋ ಸೂಚನೆ. "ಸಾವಕಾರ್ರ, ಅಂಗಡಿ ಮುಚ್ಚೋ ಟೈಮ್ ಆತು" ಅಂದಂಗೆ, ಗಲ್ಲಾ ಎಣಿಸಿಕೊಳ್ಳೋಕೆ ಪುರಸೊತ್ತು ಸಿಗುತ್ತದೆ. ಕಿಲ್ ಅಂದರೆ ಸಿಗ್ನಲ್ 9. ಸಾವಕಾರ್ರು ಒಳಗಿರುವಾಗಲೇ ಶಟರ್ ಎಳೆದಂಗೆ.

ಇಡೀ ಸ್ಕ್ರೀನೇ ನಿಂತರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದರೆ ಕಪ್ಪು ಪರದೆ ಬರುತ್ತದೆ. ಲಾಗಿನ್ ಆಗಿ ಟಾಪ್ ಅಂತ ಹೊಡೆದು ಯಾವ ಪ್ರೋಗ್ರಾಂ ಸಿಪಿಯು ಜಾಸ್ತಿ ತಿನ್ನುತ್ತಿದೆ ನೋಡಬಹುದು. ವಾಪಸ್ ಬರೋಕೆ ನನ್ನ ಲ್ಯಾಪ್‌ಟಾಪಲ್ಲಿ ಕಂಟ್ರೋಲ್, ಆಲ್ಟ್, ಎಫ್2. ಹಳೇ ಬ್ಲಾಗುಗಳಲ್ಲಿ ಎಕ್ಸ್‌ಕಿಲ್ ಅಂತ, ಕ್ಲಿಕ್ ಮಾಡಿದ ಕಿಟಕಿಯನ್ನೇ ಮುಚ್ಚೋ ಕಮಾಂಡ್ ಬರೆದಿರುತ್ತಾರೆ. ಈಗಿನ ಉಬುಂಟುವಿನಲ್ಲಿ ಕಿಟಕಿ ತೋರಿಸೋ ವೇಲ್ಯಾಂಡ್ ಇದ್ದರೆ ಅದು ಎಲ್ಲಾ ಕಿಟಕಿಗೂ ನಡೆಯೋದಿಲ್ಲ.

ಸ್ಟುಡಿಯೋ ಅಕ್ಕ, ಹಾವೇರಿ:
ನಮ್ಮ ಫೋಟೋ ಸ್ಟುಡಿಯೋದಲ್ಲಿ ಮ್ಯಾಕ್ ಇದೆ. ಪ್ರೋಗ್ರಾಂ ನಿಂತು ಮೌಸ್ ಬಾಣದ ಜಾಗದಲ್ಲಿ ಬಣ್ಣದ ಬುಗುರಿ ತಿರುಗೋಕೆ ಹತ್ತಿದರೆ ಕಮಾಂಡ್, ಆಪ್ಷನ್, ಎಸ್ಕೇಪ್. ಪಟ್ಟಿ ಬರುತ್ತದೆ, ಆರಿಸಿ ಫೋರ್ಸ್ ಕ್ವಿಟ್. ಆದರೆ ನಮ್ಮಲ್ಲಿ ಫೋಟೋಶಾಪ್ ನಿಲ್ಲೋದು ಹೆಚ್ಚಾಗಿ ಡಿಸ್ಕ್ ತುಂಬಿದಾಗ. ಲಗ್ನದ ಸೀಸನ್ನಿನ ವಿಡಿಯೋ ಎಲ್ಲಾ ಅದರಲ್ಲೇ ಬಿದ್ದಿರುತ್ತವೆ. ಹೊರಗಿನ ಡಿಸ್ಕಿಗೆ ಸಾಗಿಸಿದ ಮೇಲೆ ಬುಗುರಿ ಕಾಣಿಸಿಲ್ಲ.

ಗದಗ ಡಿಟಿಪಿ:
ಹುಬ್ಬಳ್ಳಿ ಅಣ್ಣಾರ, ಪ್ರಿಂಟರ್ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹಚ್ಚಿದೆ. ಅದನ್ನು ಸಂಜೆ 7ಕ್ಕೇ ಹುಡುಗ ಬಂದ್ ಮಾಡಿ ಹೋಗುತ್ತಾನೆ! ಕೋರೆಲ್ ಸಾಲಿನಲ್ಲಿ ಸಿಪಿಯು 0.

ದುರ್ಗದಬೈಲ್ ರಿಪೇರಿ, ಹುಬ್ಬಳ್ಳಿ:
ಸಿಕ್ಕಿತು ನೋಡ್ರೀ. ಕೋರೆಲ್ ಡಿಫಾಲ್ಟ್ ಪ್ರಿಂಟರನ್ನು, ಅಂದರೆ ನಾವು ಆರಿಸದಿದ್ದರೂ ತಾನೇ ಬರೋ ಪ್ರಿಂಟರನ್ನು, ಮಾತಾಡಿಸಲು ಹೋಗುತ್ತದೆ, ಅದು ಓ ಅನ್ನದಿದ್ದರೆ ಕಾಯುತ್ತಾ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್‌ಗೆ ಹೋಗಿ, 'ವಿಂಡೋಸೇ ಡಿಫಾಲ್ಟ್ ಪ್ರಿಂಟರ್ ನೋಡಿಕೊಳ್ಳಲಿ' ಅನ್ನೋ ಟಿಕ್ ತೆಗೆಯಿರಿ. ಅದು ಇದ್ದರೆ ಕೊನೆಗೆ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗುತ್ತದೆ. ಕಂಪ್ಯೂಟರಿನೊಳಗೇ ಇರೋ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಅನ್ನು ಡಿಫಾಲ್ಟ್ ಮಾಡಿ. ಪ್ರೂಫ್ ಬೇಕಾದಾಗ ನಿಮ್ಮ ಪ್ರಿಂಟರ್ ಕೈಯಿಂದ ಆರಿಸಿಕೊಳ್ಳಿ. ಹಾಗೇ ಆಟೋ ಬ್ಯಾಕಪ್ 5 ನಿಮಿಷಕ್ಕೆ ಇಡಿ.

ಗದಗ ಡಿಟಿಪಿ:
ಎಂಡ್ ಟಾಸ್ಕ್ ಮಾಡಿದೆ, ಓಕೆ ಅಂದೆ, 46 ಹೆಸರೂ ಬಂದವು. ನರಗುಂದದ ಕಾಕಾ ಮಾತ್ರ ಮತ್ತೆ 19ನೇ ಸಾಲಿಗೆ ಇಳಿದಿದ್ದರು. ಮೇಲೆ ಕೂರಿಸಿ, ಮೊದಲು ಕಂಟ್ರೋಲ್ ಎಸ್ ಒತ್ತಿದೆ. ಪ್ರೂಫ್ ಪಿಡಿಎಫ್ ಮಾಡಿ ವಾಟ್ಸಾಪಿಗೆ ಕಳಿಸಿದ್ದೇನೆ. ಈಗ ಗಿರಾಕಿ ಇನ್ನೂ 3 ಹೆಸರು ಹೇಳುತ್ತಿದ್ದಾರೆ.