ಕಿರಣನ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಕಿರಣ, ದೊಡ್ಡಮ್ಮ ಹೇಳುತ್ತಿದ್ದೇನೆ, ನಡುವೆ ನಿಲ್ಲಿಸದೆ ಕೊನೆಯವರೆಗೂ ಕೇಳು. ಶಾರದೆ, ನೀನೂ ಕೇಳು. ಇವನು ಬೆಳಗ್ಗೆ ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಹಾಕಿದ್ದನ್ನು ಓದಿದಾಗಿನಿಂದ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಅಮೆರಿಕದಲ್ಲಿ ಕೂದಲು ಬೆಳೆಸುವ ಪಿಪಿ405 ಎಂಬ ಹೊಸ ಔಷಧದ ಪ್ರಯೋಗ ನಡೆಯುತ್ತಿದೆಯಂತೆ, ಅದರ ಪೂರ್ತಿ ಫಲಿತಾಂಶ ಬರುವಷ್ಟರಲ್ಲಿ ತಲೆಯಲ್ಲಿ ಇರುವುದೂ ಉದುರಿಹೋಗುತ್ತದಂತೆ, ಮೊಬೈಲ್‌ನಲ್ಲಿ ಪರಿಚಯವಾದ ಯಾರೋ ಒಬ್ಬ ಅದೇ ಔಷಧದ ಪುಡಿಯನ್ನು ತರಿಸಿಕೊಡುತ್ತಾನಂತೆ. ತರಿಸಲೇ, ಈಗ ಹಚ್ಚುತ್ತಿರುವ ಮಿನಾಕ್ಸಿಡಿಲ್ ಬಿಡಲೇ ಎಂದು ಕೇಳಿದ್ದೀಯ. ಬೇಡ. ಫಲಿತಾಂಶ ಬರದ ಔಷಧವನ್ನು ಯಾರೋ ಕೊಟ್ಟರೆಂದು ತಲೆಗೆ ಹಚ್ಚಬೇಡ.

ನನ್ನ ಎಡಗಿವಿಯ ಮೇಲೆ ನಾಲ್ಕು ಬೆರಳಗಲ ಜಾಗದಲ್ಲಿ ಕೂದಲಿಲ್ಲ ಎನ್ನುವುದು ಇಲ್ಲಿ ದೊಡ್ಡವರಿಗೆಲ್ಲ ಗೊತ್ತು. ಹೇಗಾಯಿತು ಎನ್ನುವುದು ಕಿರಿಯರಿಗೆ ಗೊತ್ತಿರಲಾರದು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟು, ಊಟ ಸೇರಿ, ಎಲ್ಲ ಸರಿಹೋಯಿತು ಎನ್ನುವಾಗ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಹಾಕಿದರೆ ಹಿಡಿಹಿಡಿಯಾಗಿ ಬರುತ್ತಿತ್ತು. ಅಮ್ಮ ಅದನ್ನೆಲ್ಲ ಸುತ್ತಿ ಒಂದು ಡಬ್ಬಿಯಲ್ಲಿ ಇಡುತ್ತಿದ್ದರು, ಮುಂದೆ ಚೌರಿ ಕಟ್ಟಿಸಲಾದರೂ ಬರಲಿ ಎಂದು. ಆಗ ಅಪ್ಪನಿಗೆ ಯಾರೋ ಹೇಳಿದರು, ಹಾಸನದ ಸಂತೇಪೇಟೆಯ ಕಡೆ ಒಬ್ಬ ಬಂದು ಕೂತಿದ್ದಾನೆ, ಬೋಳು ತಲೆಯಲ್ಲೂ ಕೂದಲು ಬರಿಸುತ್ತಾನೆ ಎಂದು. ಅಪ್ಪ ಆಲೂರಿನಿಂದ ನನ್ನನ್ನು ಕರೆದುಕೊಂಡು ಹೋದರು. ಅವನು ಬ್ರಾಂದಿ ಸೀಸೆಯಲ್ಲಿ ನಿಂಬೆಹಣ್ಣಿನ ಬಣ್ಣದ ಎಣ್ಣೆ ಕೊಟ್ಟ. ಬಿರಡೆ ತೆಗೆದರೆ ಕಣ್ಣಲ್ಲಿ ನೀರು ಬರುವಂಥ ಘಾಟು. ಏನು ಹಾಕಿದ್ದೀರಿ ಎಂದು ಅಪ್ಪ ಕೇಳಿದ್ದಕ್ಕೆ, ಅದು ಗುಟ್ಟು, ಹೇಳಿದರೆ ಔಷಧದ ಗುಣ ಹೋಗುತ್ತದೆ ಎಂದ.

ಹಚ್ಚಿದ ರಾತ್ರಿ ಉರಿ. ಉರಿದರೆ ಬೇರಿಗೆ ತಾಗುತ್ತಿದೆ ಎಂದು ಅರ್ಥ ಎಂದಿದ್ದ, ಹಲ್ಲು ಕಚ್ಚಿ ಮಲಗಿದೆ. ಬೆಳಗ್ಗೆ ಎದ್ದರೆ ತಲೆದಿಂಬಿನ ಬಟ್ಟೆ ತಲೆಗೆ ಅಂಟಿಕೊಂಡಿತ್ತು. ಅಮ್ಮ ಉಗುರುಬೆಚ್ಚಗಿನ ನೀರು ಹಾಕಿ ಹಾಕಿ ಬಿಡಿಸಿದರು. ಬಟ್ಟೆಯ ಜೊತೆಗೆ ಚರ್ಮವೂ ಬಂತು. ಅಪ್ಪ ಸೀಸೆ ಹಿಡಿದುಕೊಂಡು ಸಂತೇಪೇಟೆಗೆ ಹೋದರೆ ಆ ಕೋಣೆಗೆ ಬೀಗ.

ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಯಾಕೆ ಗೊತ್ತೇ ಕಿರಣ? ಮುಂದೆ ನರ್ಸಿಂಗ್ ತರಬೇತಿಗೆ ಸೇರಿದಾಗ ಪಾಠದಲ್ಲಿ ಬಂತು. ದೊಡ್ಡ ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಹೀಗೆ ಉದುರುವುದು ಉಂಟು, ಬಹುಪಾಲು ಜನರಿಗೆ ಆರು ತಿಂಗಳಲ್ಲಿ ಅದು ತಾನಾಗಿ ನಿಂತು ಮತ್ತೆ ಹುಟ್ಟುತ್ತದೆ ಎಂದು. ಗರಿಕೆ ಒಣಗಿದರೂ ಬೇರಿದ್ದರೆ ಮಳೆಗೆ ಚಿಗುರುವ ಹಾಗೆ. ಉಳಿದ ತಲೆಯಲ್ಲೆಲ್ಲ ನನಗೆ ಕೂದಲು ಬಂತು. ಆ ಎಣ್ಣೆ ಬೇರು ಸುಟ್ಟ ಜಾಗದಲ್ಲಿ ಮಾತ್ರ ಬರಲೇ ಇಲ್ಲ. ಸುಮ್ಮನೆ ಕಾದಿದ್ದರೆ ಪೂರ್ತಿ ಬರುತ್ತಿದ್ದ ಕೂದಲು ಅದು.

ನಿನ್ನ ಪುಡಿಯ ವಿಷಯವನ್ನು ಸುಮಾಳಿಂದ ಓದಿಸಿ ತಿಳಿದುಕೊಂಡೆ, ಔಷಧದಂಗಡಿ ನಡೆಸುವವಳಿಗೆ ಇದೆಲ್ಲ ಗೊತ್ತಿರುತ್ತದೆ. ಪಿಪಿ405 ಸುಳ್ಳಲ್ಲ. ಕೂದಲಿನ ಬುಡದಲ್ಲಿ ನಿದ್ದೆ ಹೋದ ಕಾಂಡಕೋಶಗಳನ್ನು, ಅಂದರೆ ಹೊಸ ಕೂದಲು ಹುಟ್ಟಿಸುವ ಮೂಲಕೋಶಗಳನ್ನು, ಎಬ್ಬಿಸಬಹುದೇ ಎಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸ. 2025ರಲ್ಲಿ ಎರಡನೇ ಹಂತದ ಫಲಿತಾಂಶ ಹೊರಗೆ ಬಂತು. ಆ ಪ್ರಯೋಗದಲ್ಲಿ ಇದ್ದವರು 78 ಜನ. ನಾಲ್ಕು ವಾರ ಜೆಲ್ ಹಚ್ಚಿಸಿದರು. ಹೆಚ್ಚು ಕೂದಲು ಹೋಗಿದ್ದ ಗಂಡಸರಲ್ಲಿ ಶೇ 31ರಷ್ಟು ಮಂದಿಗೆ ಎಂಟನೇ ವಾರದ ಹೊತ್ತಿಗೆ ಕೂದಲಿನ ದಟ್ಟಣೆ ಶೇ 20ಕ್ಕಿಂತ ಹೆಚ್ಚಾಯಿತು. ಔಷಧವಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಯಾರಿಗೂ ಅಷ್ಟು ಆಗಲಿಲ್ಲ. ಸಂತೋಷದ ಸುದ್ದಿಯೇ. ಆದರೆ 78 ಜನ ಎಂದರೆ ನಮ್ಮ ಮನೆಯ ಒಂದು ನಾಮಕರಣಕ್ಕೆ ಸೇರುವಷ್ಟು ಜನವೂ ಅಲ್ಲ. ವರ್ಷಗಟ್ಟಲೆ ಹಚ್ಚಿದರೆ ಏನಾಗುತ್ತದೆ ಎನ್ನುವುದು ಎಂಟು ವಾರದಲ್ಲಿ ಕಾಣುವುದಿಲ್ಲ. ಅದಕ್ಕೇ ಹೆಚ್ಚು ಜನರಲ್ಲಿ, ಹೆಚ್ಚು ಕಾಲ ನೋಡುವ ಮೂರನೇ ಹಂತ ಇರುವುದು. ಚೀನಾದಲ್ಲಿ ಪೈರಿಲುಟಮೈಡ್ ಎನ್ನುವ ಕೂದಲಿನ ಔಷಧವೂ ಎರಡನೇ ಹಂತ ದಾಟಿ ಬಂದದ್ದೇ. 2023ರಲ್ಲಿ ಮೂರನೇ ಹಂತಕ್ಕೆ ಬಂದಾಗ, ಬರೀ ದ್ರಾವಣ ಹಚ್ಚಿಕೊಂಡವರಿಗಿಂತ ಮೇಲು ಎಂದು ಖಚಿತವಾಗಿ ತೋರಿಸಲು ಅದರಿಂದ ಆಗಲಿಲ್ಲ.

ಇನ್ನು ಕ್ಲಾಸ್ಕೊಟೆರೋನ್‌ ಎನ್ನುವ ಇನ್ನೊಂದು ಕೂದಲಿನ ಔಷಧದ್ದು 539 ಶೇಕಡಾ ಎಂದು ಬರೆದಿದ್ದೀಯಲ್ಲ, 2025ರ ಡಿಸೆಂಬರ್‌ನಲ್ಲಿ ಬಂದದ್ದು. ಅದು ಎರಡು ಪ್ರಯೋಗ, ಸೇರಿ 1,465 ಗಂಡಸರು. ಒಂದರಲ್ಲಿ 539, ಇನ್ನೊಂದರಲ್ಲಿ 168. ತಲೆಯಲ್ಲಿ ಐದು ಪಟ್ಟು ಕೂದಲು ಬಂತು ಎಂದು ತಿಳಿದುಕೊಳ್ಳಬೇಡ. ಔಷಧವಿಲ್ಲದ ದ್ರಾವಣ ಹಚ್ಚಿಕೊಂಡವರಲ್ಲಿ ಕಂಡ ಏರಿಕೆಯ ಜೊತೆ ಹೋಲಿಸಿದ ಲೆಕ್ಕ ಅದು. ಅವರಲ್ಲಿ ಏರಿಕೆಯೇ ಅತ್ಯಲ್ಪವಾಗಿದ್ದರೆ ಶೇಕಡಾ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ.

ಆ ಪುಡಿ ಯಾವ ಊರಿನಲ್ಲಿ, ಯಾರ ಕೈಯಲ್ಲಿ ತಯಾರಾಯಿತು, ಯಾವುದರಲ್ಲಿ ಕರಗಿಸಬೇಕು, ಅದರಲ್ಲಿ ಪಿಪಿ405 ಇದೆಯೋ ಇಲ್ಲವೋ, ಯಾರು ನೋಡಿದ್ದಾರೆ? ಅವನೂ ಗುಟ್ಟು ಎನ್ನುತ್ತಾನೆ, ನೋಡುತ್ತಿರು. ಇನ್ನೊಮ್ಮೆ ಹೇಳುತ್ತೇನೆ ಮಗು, ಫಲಿತಾಂಶ ಬರದ ಔಷಧವನ್ನು ಯಾರೋ ಕೊಟ್ಟರೆಂದು ತಲೆಗೆ ಹಚ್ಚಬೇಡ.

ಇವನಿಗೆ ಇಷ್ಟು ಆತುರ ಯಾಕೆ ಬಂತು ಎನ್ನುವುದೂ ನನಗೆ ಗೊತ್ತು. ನನ್ನನ್ನು ನೋಡಲು ಅರಕಲಗೂಡಿನ ಕಡೆಯವರು ಬಂದಿದ್ದರಲ್ಲ, ಅವರಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಬಂದು ಜಡೆ ಎಳೆದು ನೋಡಿದಳು, ಚೌರಿಯೋ ಸ್ವಂತದ್ದೋ ಎಂದು. ಅಮ್ಮನ ಎದುರಿಗೇ. ಉಪ್ಪಿಟ್ಟು ತಿಂದು ಹೋದವರು ಪತ್ರವನ್ನೂ ಬರೆಯಲಿಲ್ಲ. ಆಗ ಹೆಣ್ಣುಮಕ್ಕಳಿಗೆ ಆದದ್ದು ಈಗ ಗಂಡುಮಕ್ಕಳಿಗೆ ಆಗುತ್ತಿದೆ. ಫೋಟೋ ನೋಡಿ, ಹುಡುಗನ ಹಣೆ ಸ್ವಲ್ಪ ದೊಡ್ಡದು ಎಂದು ಜಾತಕ ಹಿಂದಕ್ಕೆ ಕೊಡುತ್ತಾರೆ. ಹೊರಗಿನವರನ್ನು ಏನೆನ್ನಲಿ? ರಾಜುವಿನ ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಕೂತಿದ್ದಾಗ ಅರಸೀಕೆರೆ ಭಾವ ಎಲ್ಲರಿಗೂ ಕೇಳುವ ಹಾಗೆ, ಕಿರಣನ ಮದುವೆಗೆ ಮೊದಲು ಪೇಟ ಹೊಲಿಸಿ ಎಂದರು. ಭಾವ, ನೀವೂ ಇದನ್ನು ಕೇಳುತ್ತಿದ್ದೀರಿ, ಕೇಳಲಿ ಎಂದೇ ಹೇಳುತ್ತಿದ್ದೇನೆ. ಅಂಥ ಮಾತು ಬೇಡ ಎಂದು ಅವತ್ತು ಹೇಳಿದವಳು ನಾನೊಬ್ಬಳೇ. ಉಳಿದವರು ಎಲೆ ನೋಡಿಕೊಂಡು ಊಟ ಮಾಡಿದಿರಿ. ಹುಡುಗ ಹೋಳಿಗೆ ಬಡಿಸುವ ಮೊದಲೇ ಎದ್ದು ಹೋದ. ಆಮೇಲೆ ಅವನು ಯಾರದೋ ಪುಡಿಯನ್ನು ಹುಡುಕಿಕೊಂಡು ಹೋದ ಎಂದು ಗಾಬರಿಯಾದರೆ ಏನು ಬಂತು? ನಮ್ಮ ಮನೆಯಲ್ಲಿ ಓದಿದವರಿಗೆ ಕಡಿಮೆಯಿಲ್ಲ, ಮಾತು ಎಲ್ಲಿ ನಾಟುತ್ತದೆ ಎನ್ನುವ ತಿಳಿವಳಿಕೆ ಮಾತ್ರ ಯಾರಿಗೂ ಇಲ್ಲ.

ಅಯ್ಯೋ, ಮುಖ್ಯವಾಗಿ ಹೇಳಬೇಕಾದದ್ದನ್ನೇ ಬಿಟ್ಟೆ. ಕಿರಣ, ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದಾಗ ನಿನಗೆ ಡೆಂಗಿ ಬಂದು ಮಲಗಿದ್ದೆಯಲ್ಲ? ಕೂದಲು ಹೆಚ್ಚು ಉದುರುತ್ತಿರುವುದು ಸಂಕ್ರಾಂತಿಯಿಂದ ಈಚೆಗೆ ಎಂದು ನೀನೇ ಬರೆದಿದ್ದೀಯ. ಲೆಕ್ಕ ಹಾಕು, ಸರಿಯಾಗಿ ಮೂರು ತಿಂಗಳು. ನಿಮ್ಮ ಅಪ್ಪನ ಕಡೆಯ ಬೋಳು ನಿನಗೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಈಗಿನ ಈ ಉದುರುವಿಕೆಯಲ್ಲಿ ಜ್ವರದ ಪಾಲು ಎಷ್ಟು ಎನ್ನುವುದನ್ನು ಚರ್ಮರೋಗ ತಜ್ಞರು ತಲೆ ನೋಡಿ ಹೇಳಬೇಕು. ಹೋಗುವಾಗ ಡೆಂಗಿಯ ಚೀಟಿಗಳನ್ನು ತೆಗೆದುಕೊಂಡು ಹೋಗು. ಹಿಮೋಗ್ಲೋಬಿನ್, ಮೈಯಲ್ಲಿನ ಕಬ್ಬಿಣಾಂಶ ತಿಳಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಅವರನ್ನೇ ಕೇಳು.

ಮಿನಾಕ್ಸಿಡಿಲ್ ನಿನ್ನಷ್ಟಕ್ಕೆ ನೀನೇ ಬಿಡಬೇಡ. ಶುರುವಿನ ಕೆಲವು ವಾರ ಅದರಿಂದಲೂ ಕೂದಲು ಉದುರಬಹುದು, ಹೆದರಿ ಬಿಟ್ಟರೆ ಅದರಿಂದ ಬಂದದ್ದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಕೂದಲು ಉದುರುವುದಕ್ಕೆ ವೈದ್ಯರು ಫಿನಾಸ್ಟರೈಡ್ ಎಂಬ ಮಾತ್ರೆ ಬರೆದರೆ ಅಡ್ಡಪರಿಣಾಮಗಳನ್ನು ಸಂಕೋಚವಿಲ್ಲದೆ ಕೇಳು, ಕೆಲವು ಗಂಡಸರಿಗೆ ಲೈಂಗಿಕ ತೊಂದರೆ ಆಗುವುದುಂಟು. ಮನೆಯಲ್ಲಿ ದಿವ್ಯಾ ಐದು ತಿಂಗಳ ಗರ್ಭಿಣಿ. ಒಡೆದ ಅಥವಾ ಪುಡಿಯಾದ ಆ ಮಾತ್ರೆಯನ್ನು ಅವಳು ಮುಟ್ಟಬಾರದು, ಡಬ್ಬಿಯನ್ನು ನಿನ್ನ ಬೀರುವಿನಲ್ಲೇ ಇಡು.

ಹೊಸ ಔಷಧವನ್ನೇ ನೋಡಬೇಕು ಎಂದು ಮನಸ್ಸಿದ್ದರೆ ನಿಜವಾದ ಪ್ರಯೋಗಕ್ಕೆ ಸೇರು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ನಮ್ಮ ದೇಶದಲ್ಲಿ ನಡೆಯುವ ಪ್ರಯೋಗವನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು, 2009ರಿಂದ ಅದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳು, ನೀತಿ ಸಮಿತಿಯ, ಅಂದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯೇ ಎಂದು ಕೇಳು, ನೀನು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಪೂರ್ತಿ ಓದು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಪ್ರಯೋಗದ ಔಷಧಕ್ಕೆ ನಿನ್ನಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬಾ.

ಶಾರದೆ, ಇವನು ಪುಡಿಗೆ ಮುಂಗಡ ಕಳುಹಿಸಿದ್ದಾನೋ ಎಂದು ಕೇಳಿ ಇವತ್ತು ರಾತ್ರಿಯೇ ನನಗೆ ತಿಳಿಸು. ಕಳುಹಿಸಿದ್ದರೆ ದುಡ್ಡು ಹೋದರೆ ಹೋಗಲಿ, ಬೈಯಬೇಡ. ಪೊಟ್ಟಣ ಬಂದರೆ ಒಡೆಯದೆ ಸುಮಾಳ ಕೈಗೆ ಕೊಡಿ.