ಅಪ್‌ಡೇಟ್: ಸೆನ್ಸರ್ ನಿರಪರಾಧಿ

ಪುಣೆಯಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ಪಿಯುಸಿ (ಹೊಗೆ ಮಾಲಿನ್ಯ) ತಪಾಸಣೆಯಲ್ಲಿ ಫೇಲಾಗಿದೆ, ಡ್ಯಾಶ್‌ಬೋರ್ಡಿನ ಎಂಜಿನ್ ಎಚ್ಚರಿಕೆ ದೀಪ ಆರುತ್ತಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಲೇ ಎಂದು ಕೇಳಿದ್ದೆನಲ್ಲ? ನಿಮ್ಮ ಉತ್ತರಗಳು ಬರುವಷ್ಟರಲ್ಲಿ ಅವಸರಪಟ್ಟು ಬದಲಿಸಿಯೇಬಿಟ್ಟಿದ್ದೆ. ಎರಡೇ ದಿನಕ್ಕೆ ದೀಪ ಮತ್ತೆ ಹೊತ್ತಿಕೊಂಡಿತು.

ಕೊನೆಗೆ ಕೋಥ್ರೂಡಿನ ಹಿರಿಯ ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಹಚ್ಚುವ ಮೊದಲು ಕಿವಿಗೊಟ್ಟು ಕೇಳಿದರು. ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು, ಬಿಸಿಯಾದರೆ ಮಾಯ. ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಸೀಳಿತ್ತು! ಆ ಸಂದಿಯಿಂದ ಹೊರಗಿನ ಗಾಳಿ ನುಸುಳಿ ಸೆನ್ಸರಿಗೆ ತಗಲುತ್ತಿತ್ತು. ಅದರ ವೋಲ್ಟೇಜ್ 0.1ರ ಬಳಿಯೇ ಕುಳಿತಿತ್ತು, ಅಂದರೆ ಆಮ್ಲಜನಕ ಹೆಚ್ಚು (ಪೆಟ್ರೋಲ್ ಹೆಚ್ಚಾದರೆ 0.9ರತ್ತ ಏರುತ್ತದೆ). ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಪಾಪ, ಅದನ್ನೇ ನಂಬಿ, ಪೆಟ್ರೋಲ್ ಸಾಲದೆಂದು ಅದನ್ನು ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತಿತ್ತು. 1 ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಎಂಬ ಲೆಕ್ಕ ತಪ್ಪಿ ಕಾರ್ಬನ್ ಮಾನಾಕ್ಸೈಡ್ ಏರಿತ್ತು. ಅಷ್ಟನ್ನೂ ಶುದ್ಧಗೊಳಿಸುವುದು ಹೊಗೆ ಕೊಳವೆಯ ಶುದ್ಧೀಕಾರಕವಾದ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಆಗುತ್ತಿರಲಿಲ್ಲ.

ಗ್ಯಾಸ್ಕೆಟ್ ಹಾಕಿಸಿದ ಮೇಲೆ ಇಸಿಯು ಸೇರಿಸುತ್ತಿದ್ದ ಹೆಚ್ಚುವರಿ ಇಂಧನ ಶೇ 22ರಿಂದ 3ಕ್ಕೆ ಇಳಿಯಿತು. ಪಿಯುಸಿ ಪ್ರಮಾಣಪತ್ರವೂ ಸಿಕ್ಕಿತು. ‘ಮೊದಲು ಸೋರಿಕೆ ನೋಡಿ’ ಎಂದು ಬರೆದಿದ್ದವರಿಗೆ ನನ್ನ ಕ್ಷಮೆ. ಹಳೆಯ ಸೆನ್ಸರ್ ಇನ್ನೂ ಡಿಕ್ಕಿಯಲ್ಲಿದೆ. ಎಸೆಯಲು ಮನಸ್ಸು ಬರುತ್ತಿಲ್ಲ.