ಕುಂಡದ ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ, ಯಾವ ಔಷಧ ಹೊಡೆಯಲಿ?

ಪ್ರಶ್ನೆ: 8 ಇಂಚಿನ ಕುಂಡದಲ್ಲಿ ಒಂದು ಟೊಮೆಟೊ ಗಿಡವಿದೆ. ಕಾಯಿ ನಿಂಬೆಗಾತ್ರಕ್ಕೆ ಬರುವಷ್ಟರಲ್ಲಿ ತಳದಲ್ಲಿ ಕಂದು ಮಚ್ಚೆ ಬಿದ್ದು, ಒಣಗಿದ ಚರ್ಮದಂತೆ ಒಳಕ್ಕೆ ಕುಸಿಯುತ್ತಿದೆ. ಎಲೆಗಳು ಹಸಿರಾಗಿಯೇ ಇವೆ. ಪಕ್ಕದ ಕುಂಡದಲ್ಲಿ ಹಾಕಿದ ಕೊತ್ತಂಬರಿಯೂ ಮೊಳೆತಿಲ್ಲ.

ಉತ್ತರ 1: ಔಷಧ ಬೇಡವೇ ಬೇಡ, ಇದು ರೋಗಾಣುವಿನ ಕೆಲಸವಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದರೆ ಹೀಗಾಗುತ್ತದೆ. ಅದು ನೀರಿನ ಜೊತೆಗೇ ಬೇರಿನಿಂದ ಮೇಲೇರಬೇಕು. ಮಣ್ಣು ಇವತ್ತು ಬಿರಿದು ನಾಳೆ ಕೆಸರಾದರೆ ಆ ಹರಿವು ಕಡಿದುಹೋಗುತ್ತದೆ. ಮೊಟ್ಟೆ ಚಿಪ್ಪು ಹಾಕಿ ಎನ್ನುವವರಿದ್ದಾರೆ. ಅದು ಕರಗಲು ತಿಂಗಳುಗಳೇ ಬೇಕು, ಈ ಕಾಯಿಗಳಿಗೆ ಒದಗದು. ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದೆ ಅನಿಸಿದರೆ ತಳದ ತೂತಿನಿಂದ ಹೊರಬರುವವರೆಗೆ ನೀರು ಕೊಡಿ, ಮೇಲೆ 2 ಇಂಚು ಒಣ ಎಲೆ ಹೊದಿಸಿ. ಮಚ್ಚೆ ಬಿದ್ದ ಕಾಯಿ ಮತ್ತೆ ಸರಿಹೋಗುವುದಿಲ್ಲ, ಕಿತ್ತುಬಿಡಿ.

ಉತ್ತರ 2: ಮೇಲಿನ ಮಾತು ಸರಿ, ಆದರೆ ಮೂಲ ತೊಂದರೆ ಕುಂಡದ್ದು. 8 ಇಂಚು ತುಳಸಿಗೆ ಸಾಕು. ಟೊಮೆಟೊಗೆ ಕನಿಷ್ಠ 20 ಲೀಟರ್ ಹಿಡಿಯುವ ಕುಂಡ ಬೇಕು. ಚಿಕ್ಕ ಕುಂಡ ಬಿಸಿಲಿಗೆ ಅರ್ಧ ದಿನದಲ್ಲೇ ಒಣಗುತ್ತದೆ. ಯೂರಿಯಾದಂಥ ಸಾರಜನಕ ಗೊಬ್ಬರ ಕೊಡುತ್ತಿದ್ದರೆ ನಿಲ್ಲಿಸಿ, ಎಲೆ ಸೊಂಪಾಗಿ ಬೆಳೆದು ಕಾಯಿಯ ಪಾಲು ಕಸಿಯುತ್ತದೆ.

ಉತ್ತರ 3: ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಿದ್ದೀರಾ? ಪ್ರತಿ ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆ ಮೆಲ್ಲಗೆ ಉರುಳಿಸಿ ಹೋಳು ಮಾಡಿ, ರಾತ್ರಿಯಿಡೀ ನೆನೆಸಿ, ಅರ್ಧ ಇಂಚು ಆಳದಲ್ಲಿ ಬಿತ್ತಿ. ಮೊಳೆಯಲು 7ರಿಂದ 14 ದಿನ. ಸಸಿಯನ್ನು ಕಿತ್ತು ಬೇರೆಡೆ ನೆಡಬೇಡಿ, ತಾಯಿಬೇರಿಗೆ ಪೆಟ್ಟಾದರೆ ಬೇಗ ಹೂ ಬಿಡುತ್ತದೆ.